'ಲೈನ್' ಶಬ್ದದ ನಾನಾರ್ಥಗಳು: ಹೊನ್ನವಳ್ಳಿ ಸೀಮೆಯ ಬಳಕೆಯನ್ನು ಕುರಿತು ಒಂದು ವಿವೇಚನೆ

1. ಪೀಠಿಕೆ

ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ದೋಷವಲ್ಲ, ಅದರ ಸ್ವಭಾವ. ನಮ್ಮ ಪ್ರಾಚೀನ ಕೋಶಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದಲ್ಲಿ ಇಂಥ ಶಬ್ದಗಳಿಗೆಂದೇ ನಾನಾರ್ಥವರ್ಗವನ್ನು ಮೀಸಲಿಟ್ಟನು. ಕನ್ನಡದಲ್ಲಿ ನಾಗವರ್ಮನು ತನ್ನ 'ಅಭಿಧಾನ ವಸ್ತುಕೋಶ'ವನ್ನು ಏಕಾರ್ಥ, ನಾನಾರ್ಥ, ಸಾಮಾನ್ಯ ಎಂದು ಮೂರು ಕಾಂಡಗಳಾಗಿ ವಿಭಾಗಿಸಿದನು. ಇಂಗ್ಲಿಷಿನ ವಿಷಯಕ್ಕೆ ಬಂದರೆ, 1989ರಲ್ಲಿ 20 ಸಂಪುಟಗಳಾಗಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಮುದ್ರಣದಲ್ಲಿ 'ಸೆಟ್' ಎಂಬ ಕ್ರಿಯಾಪದಕ್ಕೆ 430ಕ್ಕೂ ಹೆಚ್ಚು ಅರ್ಥಗಳನ್ನು ಎಣಿಸಲಾಗಿದೆ. ಅದೇ ನಿಘಂಟಿನ ಈಚಿನ ಪರಿಷ್ಕರಣದಲ್ಲಿ 'ರನ್' ಎಂಬ ಕ್ರಿಯಾಪದವು 645 ಅರ್ಥಗಳೊಡನೆ ಅದನ್ನೂ ಮೀರಿಸಿದೆ. ಎರಡೂ ಚಿಕ್ಕ ಶಬ್ದಗಳು, ಎರಡೂ ದಿನಬಳಕೆಯವು. ಬಳಕೆ ಹೆಚ್ಚಾದಷ್ಟೂ ಅರ್ಥಗಳು ಹೆಚ್ಚುತ್ತವೆಂಬುದಕ್ಕೆ ಇವು ಸಾಕಷ್ಟು ನಿದರ್ಶನ.

ಆದರೆ ಇಂಥ ಶಬ್ದವು ತನ್ನ ಮನೆಯನ್ನು ಬಿಟ್ಟು ಬೇರೊಂದು ಭಾಷೆಗೆ ಬಂದಾಗ ಏನಾಗುತ್ತದೆ? ಅದು ತನ್ನ ಅರ್ಥಗಳನ್ನೆಲ್ಲ ಗಂಟುಕಟ್ಟಿಕೊಂಡು ಒಮ್ಮೆಗೇ ಬರುವುದಿಲ್ಲ. ಕೆಲವನ್ನು ಅಲ್ಲಿಯೇ ಬಿಡುತ್ತದೆ, ಕೆಲವನ್ನು ಒಂದೊಂದಾಗಿ ತರುತ್ತದೆ, ಬಂದಮೇಲೆ ಕೆಲವನ್ನು ಹೊಸದಾಗಿ ಸಂಪಾದಿಸುತ್ತದೆ. ಈ ಕ್ರಮವನ್ನು ಒಂದೇ ಶಬ್ದವನ್ನು ಹಿಡಿದು, ಒಂದೇ ಸೀಮೆಯ ಬಳಕೆಯಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಶಬ್ದವು 'ಲೈನ್', ಸೀಮೆಯು ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಹೋಬಳಿ ಮತ್ತು ಅದರ ಸುತ್ತಣ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ನಾಡು.

ಹೊನ್ನವಳ್ಳಿ ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿದ್ದ ಊರು. ಲೂಯಿಸ್ ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಈ ಊರಿನ 'ಗಂಗಾಪಾಣಿ' ಎಂಬ ತೆಂಗನ್ನು ವಿಶೇಷವಾಗಿ ಹೆಸರಿಸಿದ್ದಾರೆ. ಇಂದಿಗೂ ಇಲ್ಲಿನ ಜೀವನವು ತೆಂಗಿನ ಸುತ್ತಲೇ ತಿರುಗುತ್ತದೆ. ಇಂಥ ಹಳೆಯ ಕೃಷಿ ನೆಲದಲ್ಲಿ, ಇಂಗ್ಲಿಷ್ ಓದದವರ ಬಾಯಲ್ಲಿಯೂ, 'ಲೈನ್' ಎಂಬ ಶಬ್ದವು ಹೊತ್ತಾರೆಯಿಂದ ಬೈಗಿನವರೆಗೆ ಹತ್ತಾರು ಅರ್ಥಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಬಹುಮಟ್ಟಿಗೆ ಈ ಓಡಾಟದಿಂದ ಯಾರಿಗೂ ತೊಡಕಿಲ್ಲ. ಆದರೆ ಎಲ್ಲಿಯೋ ಒಂದೆರಡು ಎಡೆಗಳಲ್ಲಿ ಎರಡು ಅರ್ಥಗಳು ಒಂದರ ಮೇಲೊಂದು ಬಿದ್ದು, ತೋಟವೋ ಪ್ರಾಣವೋ ಹೋಗುವ ಪ್ರಸಂಗವಿರುತ್ತದೆ. ಆದುದರಿಂದ ಈ ವಿಚಾರವು ಕೇವಲ ಕೋಶಕಾರರ ಕುತೂಹಲದ್ದಲ್ಲವೆಂದು ನಾವು ಭಾವಿಸಿದ್ದೇವೆ.

2. ಮೂಲಾರ್ಥ

'ಲೈನ್' ಶಬ್ದದ ಮೂಲವನ್ನು ಹುಡುಕುತ್ತ ಹೋದರೆ ನಾವು ಒಂದು ಗಿಡದ ಬುಡಕ್ಕೆ ಹೋಗಿ ನಿಲ್ಲುತ್ತೇವೆ. ಲ್ಯಾಟಿನ್ ಭಾಷೆಯಲ್ಲಿ 'ಲೀನುಮ್' ಎಂದರೆ ಅಗಸೆ. ಅಗಸೆಯ ನಾರಿನಿಂದ ಹೊಸೆದ ದಾರ 'ಲೀನೆಯ'. ಹಳೆಯ ಇಂಗ್ಲಿಷಿಗೆ ಇದು ಹಗ್ಗ, ಸಾಲು ಎಂಬ ಅರ್ಥಗಳಲ್ಲಿ ಬಂದಿತು. ಮುಂದೆ ಫ್ರೆಂಚ್ ಭಾಷೆಯ ಮೂಲಕ ಅದೇ ಲ್ಯಾಟಿನ್ ಶಬ್ದವು ಮತ್ತೊಮ್ಮೆ ಬಂದು ಮೊದಲಿನದರಲ್ಲಿ ಬೆರೆತುಹೋಯಿತು. ಅಗಸೆಯ ನಾರಿನ ಬಟ್ಟೆಯಾದ 'ಲಿನನ್' ಇದರ ಒಡಹುಟ್ಟು. ನಮ್ಮ ದರ್ಜಿಗಳು ರವಿಕೆಯ ಒಳಗೆ ಕೊಡುವ 'ಲೈನಿಂಗ್' ಸಹ ಈ ಮನೆತನದ್ದೇ. ಉಡುಪಿನ ಒಳಮೈಗೆ ಹಿಂದೆ ಲಿನನ್ ಬಟ್ಟೆಯನ್ನು ಕೊಡುತ್ತಿದ್ದುದರಿಂದ ಆ ಕೆಲಸಕ್ಕೆ ಆ ಹೆಸರಾಯಿತು. ಮುಂದೆ ಕಾಲುವೆಯ ಒಳಮೈಗೆ ಸಿಮೆಂಟು ಕಟ್ಟುವುದೂ 'ಲೈನಿಂಗ್' ಆಯಿತು. ತೆಂಗಿನ ಸೀಮೆಗೆ ಹೇಮಾವತಿಯ ನೀರು ಕಾಲುವೆಯಲ್ಲಿ ಹರಿದು ಬಂದಮೇಲೆ ಈ ಮಾತು ರೈತರಿಗೂ ಪರಿಚಿತವಾಗಿದೆ.

ದಾರವನ್ನು ಬಿಗಿಯಾಗಿ ಎಳೆದರೆ ಅದು ನೇರವಾಗಿ ನಿಲ್ಲುತ್ತದೆ. ಆ ನೇರವನ್ನು ಅನುಸರಿಸಿ ಎಳೆದ ಗುರುತು ಗೆರೆ. ಗೆರೆಯನ್ನು ಅನುಸರಿಸಿ ನಿಂತ ವಸ್ತುಗಳು ಸಾಲು. ಸಾಲನ್ನು ಅನುಸರಿಸಿ ಸಾಗುವುದು ದಾರಿ. ದಾರಿಯನ್ನು ಅನುಸರಿಸಿ ಬಾಳುವುದು ಕಸುಬು, ನಡತೆ. ಹೀಗೆ ದಾರದಿಂದ ಹೊರಟ ಶಬ್ದವು ಮೆಟ್ಟಿಲು ಮೆಟ್ಟಿಲಾಗಿ ಬಾಳಿನ ರೀತಿಯವರೆಗೆ ಏರಿದೆ. ಯಾವ ಎರಡು ಮೆಟ್ಟಿಲುಗಳ ನಡುವೆಯೂ ಅಂತರ ದೊಡ್ಡದಲ್ಲ. ಮೊದಲನೆಯದನ್ನೂ ಕಡೆಯದನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ ಆಶ್ಚರ್ಯವಾಗುತ್ತದೆ.

ಈ ಬಗೆಯ ಏರಿಕೆ ನಮಗೆ ಹೊಸದಲ್ಲ. ಸಂಸ್ಕೃತದ 'ಸೂತ್ರ' ಶಬ್ದವೂ ದಾರದಿಂದಲೇ ಹೊರಟಿತು. ಮಂಗಳಸೂತ್ರದಲ್ಲಿ ಅದು ಇನ್ನೂ ದಾರ. ವ್ಯಾಕರಣಸೂತ್ರದಲ್ಲಿ ಅಡಕವಾದ ನಿಯಮ. ಗಣಿತದಲ್ಲಿ ಲೆಕ್ಕದ ಕಟ್ಟಳೆ. ಸೂತ್ರಧಾರನಲ್ಲಿ ಆಡಿಸುವ ಅಧಿಕಾರ. ಅಚ್ಚಗನ್ನಡದ 'ಸಾಲು' ಸಹ ನೇಗಿಲಿನ ಸಾಲು, ಮರದ ಸಾಲು, ಪದ್ಯದ ಸಾಲು ಎಂದು ಹಬ್ಬಿದೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. 'ಹಣ ಸಾಲದು' ಎಂಬಲ್ಲಿನ ಸಾಲು ಬೇರೊಂದು ಶಬ್ದ. ಅದು ಧಾತು, ಇದು ನಾಮ. ರೂಪ ಒಂದಾದ ಮಾತ್ರಕ್ಕೆ ಅದನ್ನು ನಾನಾರ್ಥವೆನ್ನಲಾಗದು. ಅರ್ಥದಿಂದ ಅರ್ಥಕ್ಕೆ ಮೆಟ್ಟಿಲಿದ್ದರೆ ನಾನಾರ್ಥ. ಮೆಟ್ಟಿಲಿಲ್ಲದೆ ರೂಪ ಮಾತ್ರ ಕೂಡಿದರೆ ಅವು ಎರಡು ಬೇರೆ ಶಬ್ದಗಳು. ಈ ಕಾರಣದಿಂದಲೇ ಲಯನ್ಸ್ ಕ್ಲಬ್ಬನ್ನು ಜನ 'ಲೈನ್ಸ್ ಕ್ಲಬ್ಬು' ಎಂದು ಉಚ್ಚರಿಸಿದರೂ ಆ ಸಿಂಹವನ್ನು ನಾವು ಈ ಸಾಲಿನಲ್ಲಿ ಸೇರಿಸಿಲ್ಲ.

3. ಆಗಮನ

ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತದಿಂದ ಬಂದ ಶಬ್ದಗಳು ಕನ್ನಡದ ಬಾಯಿಗೆ ಹೊಂದಿ ಹೇಗೆ ರೂಪ ಬದಲಿಸುತ್ತವೆಂಬುದನ್ನು ವಿವರಿಸಿದ್ದಾನೆ. 'ಲೈನ್' ಶಬ್ದಕ್ಕೆ ಇಂಥ ಹೆಚ್ಚಿನ ಬದಲಾವಣೆ ಬೇಕಾಗಲಿಲ್ಲ. ಕೊನೆಗೆ ಒಂದು ಉಕಾರ ಸೇರಿ 'ಲೈನು' ಆಯಿತು. 'ಲೈನಿನ', 'ಲೈನಿಗೆ', 'ಲೈನುಗಳು' ಎಂದು ವಿಭಕ್ತಿ ವಚನಗಳನ್ನು ನಮ್ಮ ಶಬ್ದದಂತೆಯೇ ಪಡೆಯಿತು. ರೂಪ ಸುಲಭವಾದುದರಿಂದ ದಾರಿಯೂ ಸುಲಭವಾಯಿತು.

ಅದು ಬಂದ ದಾರಿಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ರೈಲು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿಯನ್ನು ಹಾಕಲಾಯಿತು. ಮುಂದೆ ಅದು ಬ್ರಾಡ್ ಗೇಜ್ ಆಯಿತು. ಹಳಿಗೆ ಕನ್ನಡದಲ್ಲಿ 'ಕಂಬಿ' ಎಂಬ ಮಾತು ಇದ್ದಿತಾದರೂ, ಕಂಬಿ ಎಂಬುದು ಕಬ್ಬಿಣ. ಆ ಕಬ್ಬಿಣ ಹೋಗುವ ದಾರಿ 'ಲೈನು'. ಎರಡನೆಯದು ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತನ್ನು ಒಯ್ದ ತಂತಿಗಳು ಮೈಸೂರು ಸಂಸ್ಥಾನಕ್ಕೆ ವಿದ್ಯುತ್ ಲೈನನ್ನು ಪರಿಚಯಿಸಿದುವು. ಕಾಲಕ್ರಮದಲ್ಲಿ ಆ ಕಂಬಗಳು ಹಳ್ಳಿಯ ತೋಟಗಳನ್ನೂ ಹೊಕ್ಕುವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಟೆಲಿಗ್ರಾಫ್ ಬಂದಾಗ ಕನ್ನಡಿಗರು ಅದಕ್ಕೆ ತಮ್ಮದೇ ಆದ 'ತಂತಿ' ಎಂಬ ಶಬ್ದವನ್ನು ಕೊಟ್ಟರು. ಲೋಹದ ಎಳೆಯ ಹೆಸರೇ ಅದರ ಮೂಲಕ ಬಂದ ಸುದ್ದಿಗೂ ಹೆಸರಾಯಿತು. 'ತಂತಿ ಬಂತು' ಎಂದರೆ ಮನೆಮಂದಿಯ ಎದೆ ನಡುಗುತ್ತಿತ್ತು. 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ಆ ಸೇವೆ ನಿಂತುಹೋಯಿತು. ಒಂದು ಕಡೆ ನಮ್ಮ ಶಬ್ದವೇ ಹೊಸ ಅರ್ಥವನ್ನು ಹೊತ್ತಿತು. ಇನ್ನೊಂದು ಕಡೆ ಹೊಸ ಶಬ್ದವೇ ಬಂದಿತು. ಮೊದಲನೆಯದು ಕೈಗೆ ಮುಟ್ಟುವ ಪದಾರ್ಥದ ಹೆಸರು. ಎರಡನೆಯದು ಪದಾರ್ಥ, ದಾರಿ, ವ್ಯವಸ್ಥೆ ಮೂರನ್ನೂ ಒಟ್ಟಿಗೆ ಹೇಳುವ ಹೆಸರು. ತಂತಿ, ಕಂಬ, ಪಿಂಗಾಣಿ, ಅವು ಹಾದುಹೋಗುವ ಜಾಡು ಎಲ್ಲವನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಶಬ್ದ ಬೇಕಾದಾಗ 'ಲೈನ್' ಒದಗಿತೆಂದು ನಾವು ಊಹಿಸುತ್ತೇವೆ.

4. ತೆಂಗಿನ ಸೀಮೆಯ ಅರ್ಥಗಳು

ಈಗ ಬಳಕೆಯನ್ನು ಕ್ರಮವಾಗಿ ನೋಡೋಣ. ತೋಟವನ್ನು ಹಾಕುವ ದಿನದಿಂದಲೇ ಪ್ರಾರಂಭಿಸಬಹುದು. ಎತ್ತರದ ತಳಿಯ ತೆಂಗಿಗೆ ಗಿಡದಿಂದ ಗಿಡಕ್ಕೆ ಏಳೂವರೆಯಿಂದ ಒಂಬತ್ತು ಮೀಟರು ಅಂತರ ಬೇಕೆಂಬುದು ಸಾಮಾನ್ಯವಾದ ನಿಯಮ. ಹೊಲದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಗ್ಗವನ್ನು ಎಳೆದು, ಅಳತೆಯಂತೆ ಗೂಟ ಹೊಡೆದು, ಗುಂಡಿ ತೆಗೆಯುತ್ತಾರೆ. ಆ ಹಗ್ಗ ಎಳೆಯುವುದು 'ಲೈನ್ ಹಿಡಿಯುವುದು'. ಗೋಡೆ ಕಟ್ಟುವವರು ಇಟ್ಟಿಗೆ ನೇರವಾಗಿ ಕೂರಲೆಂದು ಕಟ್ಟುವ 'ಲೈನ್ ದಾರ' ಸಹ ಇಂಥದೇ. ಅಗಸೆಯ ನಾರಿನಲ್ಲಿ ಹುಟ್ಟಿದ ಶಬ್ದವು ಎರಡು ಸಾವಿರ ವರ್ಷಗಳನ್ನು ಸುತ್ತಿ, ತೆಂಗಿನ ನಾರಿನ ಹಗ್ಗದ ನಾಡಿಗೆ ಬಂದು, ಮತ್ತೆ ತನ್ನ ಮೂಲಾರ್ಥವನ್ನೇ ಹಿಡಿದುದು ಸ್ವಾರಸ್ಯಕರವಾಗಿದೆ.

ಗಿಡ ನೆಟ್ಟಮೇಲೆ ಅದೇ ಶಬ್ದ ಸಾಲಿನ ಹೆಸರಾಗುತ್ತದೆ: 'ಬದುವಿನ ಕಡೆ ಎರಡು ಲೈನು ಅಡಿಕೆ ಹಾಕಿದ್ದೇವೆ.' ನೀರು ಕಟ್ಟುವಾಗ ಅದು ಕೊಳವೆ: ಪೈಪ್‌ಲೈನ್, ಹನಿ ನೀರಾವರಿಯ ಡ್ರಿಪ್ ಲೈನ್. ಮೋಟಾರು ಓಡಬೇಕಾದಾಗ ಅದು ವಿದ್ಯುತ್ತು ಬರುವ ತಂತಿ. ಅದನ್ನು ದುರಸ್ತಿ ಮಾಡುವವನು 'ಲೈನ್‌ಮನ್'. ಈಚಿನ ನೇಮಕದ ಪ್ರಕಟಣೆಗಳಲ್ಲಿ ಈ ಹುದ್ದೆಗೆ 'ಪವರ್‌ಮ್ಯಾನ್' ಎಂಬ ಹೆಸರು ಬಂದಿದ್ದರೂ ಹಳ್ಳಿಯವರು ಹಳೆಯ ಹೆಸರನ್ನು ಬಿಟ್ಟಿಲ್ಲ. ಅವನಿಗೆ ಫೋನು ಮಾಡಿದಾಗ ಶಬ್ದವು ದೂರವಾಣಿಯ ಸಂಪರ್ಕವಾಗುತ್ತದೆ: 'ಲೈನ್ ಸಿಗುತ್ತಿಲ್ಲ', 'ಲೈನಲ್ಲೇ ಇರಿ'. ಕೈಫೋನಿಗೆ ತಂತಿಯೇ ಇಲ್ಲವೆಂಬುದು ಈ ಅರ್ಥಕ್ಕೆ ಅಡ್ಡಿಯಾಗಿಲ್ಲ. ವಸ್ತು ಹೋದಮೇಲೂ ಶಬ್ದ ಉಳಿಯುವುದು ಭಾಷೆಯ ವಾಡಿಕೆ.

ತೋಟದಿಂದ ಪೇಟೆಗೆ ಬಂದರೆ ಬೇರೆ ಅರ್ಥಗಳು ಎದುರಾಗುತ್ತವೆ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಈ ಸೀಮೆಯ ಪದ್ಧತಿ. ಆ ವ್ಯಾಪಾರದಲ್ಲಿ ತೊಡಗಿದವನು 'ಕೊಬ್ಬರಿ ಲೈನಿನಲ್ಲಿದ್ದಾನೆ'. ವ್ಯಾಪಾರ ಕೈಗೆ ಹತ್ತದಿದ್ದರೆ 'ಆ ಲೈನೇ ಬೇಡ' ಎನ್ನುತ್ತಾನೆ. ಲಾರಿಯ ಚಾಲಕ ಊರಿನಲ್ಲಿ ಇಲ್ಲದಿದ್ದರೆ 'ಲೈನ್ ಮೇಲೆ ಹೋಗಿದ್ದಾನೆ'. ಅಂಗಡಿಗಳಿಗೆ ಸರಕು ಹಾಕುವ ವ್ಯಾನಿನವನಿಗೆ ಗೊತ್ತಾದ ದಿನ ಗೊತ್ತಾದ ಹಳ್ಳಿಗಳ ಸುತ್ತು ಒಂದು 'ಲೈನು'. ನ್ಯಾಯಬೆಲೆ ಅಂಗಡಿಯ ಮುಂದೆ ಜನ ನಿಲ್ಲುವ ಸರತಿ ಇನ್ನೊಂದು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಕೂಲಿಗೆ ಹೋದವರಿಗೆ 'ಲೈನ್' ಎಂದರೆ ಆಳುಗಳ ಸಾಲುಮನೆ. ಅಲ್ಲಿ 'ಲೈನ್‌ಮನೆ' ಎಂಬ ಸಮಾಸವೇ ನೆಲೆನಿಂತಿದೆ.

ಉಳಿದುವು ನಡತೆಗೆ ಸಂಬಂಧಪಟ್ಟುವು. ಹಟ ಬಿಟ್ಟು ಹೇಳಿದ ಮಾತು ಕೇಳಿದವನು 'ಲೈನಿಗೆ ಬಂದ'. ಶಾಲೆಯ ಹುಡುಗ ಪುಸ್ತಕದಲ್ಲಿ 'ಲೈನ್ ಹೊಡೆದರೆ' ಅದು ಅಡ್ಡಗೆರೆ. ಅವನೇ ಕಾಲೇಜಿಗೆ ಹೋದಮೇಲೆ ಬಸ್ ನಿಲ್ದಾಣದಲ್ಲಿ 'ಲೈನ್ ಹೊಡೆದರೆ' ಹಿರಿಯರು ಗದರಿಸಬೇಕಾದ ವಿಷಯ. ಕ್ರಿಯಾಪದ ಒಂದೇ, ನಾಮಪದ ಒಂದೇ. ಹುಡುಗನ ವಯಸ್ಸು ಮಾತ್ರ ಅರ್ಥವನ್ನು ನಿರ್ಣಯಿಸುತ್ತದೆ.

5. ಅರ್ಥನಿರ್ಣಯದ ಸಾಧನಗಳು

ಇಷ್ಟು ಅರ್ಥಗಳಿದ್ದರೂ ಆಡುವವರಿಗೂ ಕೇಳುವವರಿಗೂ ಗೊಂದಲವಾಗದಿರುವುದು ಹೇಗೆ? ಉತ್ತರವು ಶಬ್ದದಲ್ಲಿಲ್ಲ, ಅದರ ಸುತ್ತಣ ಕನ್ನಡದಲ್ಲಿದೆ.

ಮೊದಲನೆಯ ಸಾಧನ ವಿಭಕ್ತಿ. 'ಲೈನಿಗೆ ಬಾ' ಎಂಬ ಚತುರ್ಥಿಯಲ್ಲಿ ನಡತೆಯ ಅರ್ಥ. 'ಲೈನಲ್ಲಿ' ಎಂಬ ಸಪ್ತಮಿಯಲ್ಲಿ ಸರತಿ, ದೂರವಾಣಿ, ಕಸುಬು ಈ ಮೂರರಲ್ಲೊಂದು. 'ಲೈನ್ ಮೇಲೆ' ಎಂದಾಗ ರೈಲಿನ ಹಳಿ ಅಥವಾ ಲಾರಿಯ ಪಯಣ. ಎರಡನೆಯ ಸಾಧನ ಕ್ರಿಯಾಪದ. ಸಪ್ತಮಿಯ ಜೊತೆಗೆ 'ನಿಲ್ಲು' ಬಂದರೆ ಸರತಿ, 'ಇರಿ' ಎಂಬ ವಿಧಿರೂಪ ಬಂದರೆ ದೂರವಾಣಿ. ದ್ವಿತೀಯೆಯ ಅರ್ಥದಲ್ಲಿ 'ಎಳೆ' ಬಂದರೆ ತಂತಿ ಅಥವಾ ಕೊಳವೆ, 'ಹಿಡಿ' ಬಂದರೆ ಹಗ್ಗ, 'ಬಿಡು' ಬಂದರೆ ಕಸುಬು. ಮೂರನೆಯದು ಸಮಾಸ: ಪೈಪ್‌ಲೈನ್, ಲೈನ್‌ಮನ್, ಲೈನ್‌ಮನೆ, ಲೈನ್ ದಾರ ಇವುಗಳಲ್ಲಿ ಜೊತೆಯ ಪದವೇ ಕಾವಲು ನಿಂತಿದೆ. ನಾಲ್ಕನೆಯದು ಸಂದರ್ಭ, ಅಂಗಡಿಯ ಮುಂದಿನ ಲೈನು ತೋಟದ ಲೈನಾಗಲಾರದು.

ಇದರಿಂದ ಒಂದು ಮುಖ್ಯ ಸಂಗತಿ ಹೊರಪಡುತ್ತದೆ. ಈ ಅರ್ಥಗಳಲ್ಲಿ ಹಲವಕ್ಕೆ ಕನ್ನಡದಲ್ಲಿ ಮೊದಲೇ ಒಂದು ಅಚ್ಚು ಸಿದ್ಧವಾಗಿತ್ತು. 'ದಾರಿಗೆ ಬಾ' ಎಂಬ ಮಾತು ಇದ್ದುದರಿಂದಲೇ 'ಲೈನಿಗೆ ಬಾ' ಅಷ್ಟು ಬೇಗ ಬೇರೂರಿತು. 'ಆ ದಾರಿಯನ್ನೇ ಬಿಟ್ಟ' ಎಂಬುದು ಇದ್ದುದರಿಂದ 'ಆ ಲೈನನ್ನೇ ಬಿಟ್ಟ' ಎಂಬುದು ಸಹಜವಾಯಿತು. ಇಂಗ್ಲಿಷ್ ಶಬ್ದ ಬಂದು ಕನ್ನಡದ ನುಡಿಗಟ್ಟನ್ನು ಮುರಿಯಿತೆಂದು ಹೇಳುವವರುಂಟು. ನಮಗೆ ಕಾಣುವುದು ಬೇರೆ: ಹಳೆಯ ಅಚ್ಚಿನಲ್ಲಿ ಹೊಸ ಬೆಲ್ಲ ಹೊಯ್ದಂತೆ, ನುಡಿಗಟ್ಟು ನಮ್ಮದಾಗಿಯೇ ಉಳಿದಿದೆ. ಆದರೆ ಗೆರೆ, ಸಾಲು, ಎಳೆ, ಜಾಡು, ಸರತಿ ಎಂದು ಐದು ಶಬ್ದಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಒಂದೇ ಶಬ್ದ ಮಾಡತೊಡಗಿದಾಗ, ಆ ಐದರ ನಡುವಣ ಭೇದಗಳು ಮಸುಕಾಗುತ್ತವೆಂಬುದನ್ನೂ ಒಪ್ಪಲೇಬೇಕು. ಮುಂದಿನ ಭಾಗದಲ್ಲಿ ನಾವು ವಿಚಾರಿಸುವುದು ಈ ಮಸುಕನ್ನೇ.

6. ಅರ್ಥಸಂಕರದ ಪ್ರಸಂಗಗಳು

ಮೊದಲನೆಯ ಪ್ರಸಂಗ 'ಲೈನ್ ಕ್ಲಿಯರ್' ಎಂಬುದು. ಇದು ರೈಲಿನ ಮಾತು. ಮುಂದಿನ ನಿಲ್ದಾಣದವರೆಗಿನ ಹಳಿಯ ಮೇಲೆ ಬೇರೆ ಗಾಡಿ ಇಲ್ಲವೆಂದು ಅಲ್ಲಿಂದ ಒಪ್ಪಿಗೆ ಬಂದಮೇಲೆ ಮಾತ್ರ ಗಾಡಿಯನ್ನು ಬಿಡತಕ್ಕದ್ದು. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ಇದೇ ಮಾತು ವಿದ್ಯುತ್ ಇಲಾಖೆಯಲ್ಲಿಯೂ ಇದೆ. ಅಲ್ಲಿ ಇದನ್ನು ಸಂಕ್ಷೇಪವಾಗಿ 'ಎಲ್.ಸಿ.' ಎನ್ನುತ್ತಾರೆ. ಉಪಕೇಂದ್ರದಲ್ಲಿ ವಿದ್ಯುತ್ತನ್ನು ಕಡಿದು, ತಂತಿಯನ್ನು ಭೂಮಿಗೆ ಸೇರಿಸಿ, ಇನ್ನು ಕಂಬ ಹತ್ತಬಹುದೆಂದು ಕೊಡುವ ಅನುಮತಿ ಅದು. ರೈಲಿನಲ್ಲಿ ಲೈನ್ ಕ್ಲಿಯರ್ ಆದರೆ ಗಾಡಿ ಹರಿಯುತ್ತದೆ. ವಿದ್ಯುತ್ತಿನಲ್ಲಿ ಲೈನ್ ಕ್ಲಿಯರ್ ಆದರೆ ಹರಿಯುವುದು ನಿಲ್ಲುತ್ತದೆ. ಮಾತು ಒಂದೇ, ಪರಿಣಾಮ ವಿರುದ್ಧ. ಇನ್ನು ವೃತ್ತಪತ್ರಿಕೆಗಳಲ್ಲಿ ಯಾವುದಾದರೂ ಯೋಜನೆಯ ಅಡ್ಡಿ ನಿವಾರಣೆಯಾದಾಗ 'ಲೈನ್ ಕ್ಲಿಯರ್' ಎಂದು ಶೀರ್ಷಿಕೆ ಕೊಡುವುದು ರೈಲಿನ ಅರ್ಥದ ಮುಂದುವರಿಕೆ. ಹೀಗಿರಲು, ತೋಟದವನೊಬ್ಬನು ಫೋನಿನಲ್ಲಿ 'ಲೈನ್ ಕ್ಲಿಯರ್ ಆಗಿದೆ' ಎಂಬ ಮಾತನ್ನು ಕೇಳಿದರೆ, ದೋಷ ಸರಿಯಾಗಿ ವಿದ್ಯುತ್ತು ಬಂದಿದೆಯೆಂದು ತಿಳಿಯಬೇಕೆ, ಅಥವಾ ಕೆಲಸಕ್ಕಾಗಿ ವಿದ್ಯುತ್ತನ್ನು ತೆಗೆದಿದ್ದಾರೆಂದು ತಿಳಿಯಬೇಕೆ? ಈ ಎರಡು ತಿಳಿವಳಿಕೆಗಳ ನಡುವೆ ಒಂದು ಪ್ರಾಣ ನಿಂತಿರಬಹುದು.

ಎರಡನೆಯ ಪ್ರಸಂಗ ಇದಕ್ಕೆ ಸಮೀಪದ್ದು. ನಿರಂತರ ಜ್ಯೋತಿ ಯೋಜನೆಯ ಮೂಲಕ ಕರ್ನಾಟಕದ ಹಳ್ಳಿಗಳಲ್ಲಿ ಮನೆಗಳಿಗೆ ಒಂದು, ನೀರಾವರಿ ಪಂಪುಗಳಿಗೆ ಇನ್ನೊಂದು ಎಂದು ವಿದ್ಯುತ್ ಮಾರ್ಗಗಳನ್ನು ಬೇರ್ಪಡಿಸುವ ಕಾರ್ಯ ನಡೆಯಿತು. ಹೀಗೆ ಬೇರ್ಪಟ್ಟ ಕಡೆ ಮನೆಗಳಿಗೆ ದಿನವಿಡೀ ವಿದ್ಯುತ್ತು ಇರತಕ್ಕದ್ದು. ಪಂಪುಗಳ ಮಾರ್ಗಕ್ಕೆ ಗೊತ್ತಾದ ಕೆಲವು ಗಂಟೆಗಳು ಮಾತ್ರ. ಜನರ ಮಾತಿನಲ್ಲಿ ಒಂದು 'ಊರಿನ ಲೈನು', ಇನ್ನೊಂದು 'ತೋಟದ ಲೈನು'. ಎರಡೂ ಒಂದೇ ತೋಟದ ಮೇಲೆ ಹಾದುಹೋಗುವುದು ಅಪೂರ್ವವಲ್ಲ. ಪಂಪು ಓಡುತ್ತಿಲ್ಲವಾದುದರಿಂದ 'ಲೈನ್ ಇಲ್ಲ' ಎಂದು ಒಬ್ಬನು ಹೇಳುತ್ತಾನೆ. ಅವನ ಮಟ್ಟಿಗೆ ಅದು ಸತ್ಯ. ಆ ಮಾತನ್ನು ನಂಬಿ ಇನ್ನೊಬ್ಬನು ಕಾಯಿ ಕೀಳಲು ಉದ್ದನೆಯ ದೋಟಿಯನ್ನು ಎತ್ತುತ್ತಾನೆ. ದೋಟಿಯು ಬಿದಿರಿನದಾದರೂ ಹಸಿಯಾಗಿದ್ದರೆ ಅಪಾಯ; ಲೋಹದ ಕೊಳವೆಯದಾದರೆ ಹೇಳತಕ್ಕದ್ದೇ ಇಲ್ಲ. ತೋಟದ ಲೈನು ಸತ್ತಿದ್ದಾಗಲೂ ಊರಿನ ಲೈನು ಬದುಕಿರುತ್ತದೆ. ಇಲ್ಲಿ ತಪ್ಪು ಆಡಿದವನದೂ ಅಲ್ಲ, ಕೇಳಿದವನದೂ ಅಲ್ಲ. ಯಾವ ಲೈನೆಂಬ ವಿಶೇಷಣವನ್ನು ಬಿಟ್ಟುಕೊಟ್ಟ ಬಳಕೆಯದು. ಮೇಲೆ ಹೇಳಿದ ನಾಲ್ಕು ಸಾಧನಗಳಲ್ಲಿ ಯಾವುದೂ ಇಲ್ಲಿ ನೆರವಿಗೆ ಬರುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಿಭಕ್ತಿ ಒಂದೇ, ಕ್ರಿಯಾಪದ ಒಂದೇ, ಸಮಾಸವಿಲ್ಲ, ಸಂದರ್ಭವೂ ಒಂದೇ ತೋಟ.

ಮೂರನೆಯ ಪ್ರಸಂಗ ಆಸ್ತಿಗೆ ಸಂಬಂಧಿಸಿದ್ದು. ಹೆಚ್ಚಿನ ಒತ್ತಡದ ವಿದ್ಯುತ್ ಮಾರ್ಗವು ತೆಂಗಿನ ತೋಟದ ಮೇಲೆ ಹಾಯುವ ಸಂದರ್ಭವನ್ನು ತೆಗೆದುಕೊಳ್ಳೋಣ. 'ಒಂದು ಲೈನು ಬಂದರೆ ನಮ್ಮದು ಎಷ್ಟು ಲೈನು ಹೋಗುತ್ತದೆ?' ಎಂಬ ಪ್ರಶ್ನೆಯನ್ನು ಅಲ್ಲಿನ ಯಾವ ರೈತನಾದರೂ ಕೇಳಬಹುದು. ಮೊದಲ ಲೈನು ತಂತಿ, ಎರಡನೆಯದು ಮರದ ಸಾಲು. ಕೇಳುವವನಿಗೆ ಗೊಂದಲವಿಲ್ಲ, ಉತ್ತರವನ್ನು ಲೆಕ್ಕ ಹಾಕಿಯೇ ಹೇಳಬಹುದು. 66 ಕಿಲೋವೋಲ್ಟಿನ ಮಾರ್ಗದ ಕೆಳಗೆ 18 ಮೀಟರು ಅಗಲದ ಪಟ್ಟಿಯೂ, 220 ಕಿಲೋವೋಲ್ಟಿನ ಮಾರ್ಗದ ಕೆಳಗೆ 35 ಮೀಟರು ಅಗಲದ ಪಟ್ಟಿಯೂ ತೆರವಾಗಿರಬೇಕೆಂಬುದು ರೂಢಿಯ ಅಳತೆ. ಒಂಬತ್ತು ಮೀಟರಿಗೆ ಒಂದು ಸಾಲಿನಂತೆ ಮೊದಲನೆಯದರಲ್ಲಿ ಎರಡು ಸಾಲು, ಎರಡನೆಯದರಲ್ಲಿ ಸುಮಾರು ನಾಲ್ಕು ಸಾಲು ಹೋಗುತ್ತವೆ. ನೂರು ಮೀಟರು ಉದ್ದದ ತೋಟದಲ್ಲಿ ಒಂದು ಸಾಲಿಗೆ ಹನ್ನೊಂದು ಮರಗಳೆಂದರೂ, 22 ಅಥವಾ 44 ಮರಗಳು. ನೆಟ್ಟ ಸಸಿ ಫಲ ಕೊಡಲು ಆರೇಳು ವರ್ಷ ಕಾದು, ಮುಂದೆ ಒಂದು ತಲೆಮಾರನ್ನು ಸಾಕುವ ಮರ ಅದು.

ಗೊಂದಲ ಬರುವುದು ಕಾಗದದ ಮೇಲೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯು 'ಲೈನ್' ಎಂಬ ಶಬ್ದಕ್ಕೇ ವ್ಯಾಖ್ಯೆಯನ್ನು ಕೊಟ್ಟಿದೆ: ವಿದ್ಯುತ್ತನ್ನು ಒಯ್ಯುವ ತಂತಿ, ಕೇಬಲ್, ಕೊಳವೆ, ವಿದ್ಯುನ್ನಿರೋಧಕ ಮೊದಲಾದುವು ಅದರಲ್ಲಿ ಅಡಕವಾಗಿವೆ. ಅವುಗಳ ಕೆಳಗಿನ ನೆಲ ಅದರಲ್ಲಿಲ್ಲ. ಆದರೆ ರೈತನ ಮಾತಿನಲ್ಲಿ 'ಲೈನಿಗೆ ಹೋದ ಜಾಗ' ಎಂದರೆ ನೆಲವೇ. 2015ರ ಅಕ್ಟೋಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯು ಗೋಪುರದ ಬುಡದ ನೆಲವನ್ನು ಒಂದಾಗಿಯೂ, ತಂತಿಯ ಕೆಳಗಿನ ಪಟ್ಟಿಯನ್ನು ಇನ್ನೊಂದಾಗಿಯೂ ಎಣಿಸಿ, ಎರಡಕ್ಕೂ ಬೇರೆ ಬೇರೆ ಪ್ರಮಾಣದ ಪರಿಹಾರವನ್ನು ಸೂಚಿಸಿತು. ಮರಗಳ ಬೆಲೆ ಮತ್ತೂ ಬೇರೆ. ಹೀಗೆ ಗೋಪುರದ ನೆಲ, ತಂತಿಯ ಪಟ್ಟಿ, ಕಡಿದ ಸಾಲು ಎಂಬ ಮೂರು ಪ್ರತ್ಯೇಕ ಲೆಕ್ಕಗಳಿರುವಲ್ಲಿ, 'ನನ್ನ ತೋಟದ ಲೈನಿಗೆ ಪರಿಹಾರ ಕೊಡಿಸಬೇಕು' ಎಂದು ಅರ್ಜಿ ಬರೆದವನು ಯಾವುದನ್ನು ಕೇಳಿದಂತಾಯಿತು? ಬರೆದವನ ಮನಸ್ಸಿನಲ್ಲಿ ಮೂರೂ ಇವೆ. ಓದುವ ಅಧಿಕಾರಿಯು ಒಂದನ್ನೇ ಓದಿಕೊಳ್ಳಬಹುದು. ಶಬ್ದಾರ್ಥದ ಒಂದು ಸಂದೇಹವು ಇಲ್ಲಿ ರೂಪಾಯಿಯ ಲೆಕ್ಕವಾಗಿ ಪರಿಣಮಿಸುತ್ತದೆ.

7. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ನಾವು ಎರಡು ಸಲಹೆಗಳನ್ನು ಮಾಡಬಯಸುತ್ತೇವೆ.

ಮೊದಲನೆಯದು ಕೋಶಕಾರರಿಗೆ ಸಂಬಂಧಿಸಿದ್ದು. ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ 'ಲೈನ್' ಶಬ್ದಕ್ಕೆ ಗೆರೆ, ರೇಖೆ, ಸಾಲು, ಹಗ್ಗ ಮೊದಲಾದ ಅರ್ಥಗಳನ್ನು ಕೊಡುವುದು ಸರಿಯೇ. ಅದು ಇಂಗ್ಲಿಷ್ ಶಬ್ದದ ಅರ್ಥ. ಆದರೆ ಹೊನ್ನವಳ್ಳಿಯ ರೈತನು ಆಡುವ 'ಲೈನು' ಈಗ ಕನ್ನಡದ ಶಬ್ದ. 'ಲೈನ್ ಮೇಲೆ ಹೋಗಿದ್ದಾನೆ', 'ಲೈನ್ ಹಿಡಿ', 'ತೋಟದ ಲೈನು' ಎಂಬುವುಗಳಿಗೆ ಇಂಗ್ಲಿಷ್ ನಿಘಂಟನ್ನು ನೋಡಿ ಪ್ರಯೋಜನವಿಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಎರವಲು ಪದಕೋಶ'ವನ್ನು ರಚಿಸಿ ಇಂಥ ಶಬ್ದಗಳ ವಿಷಯದಲ್ಲಿ ದಾರಿ ತೋರಿಸಿದ್ದಾರೆ. ಆ ದಾರಿಯಲ್ಲಿ ಮುಂದುವರಿದು, ಎರವಲು ಶಬ್ದಗಳನ್ನು ಅವುಗಳ ಕನ್ನಡ ಅರ್ಥಗಳೊಡನೆ, ಕನ್ನಡದ ವಿಭಕ್ತಿ ಮತ್ತು ಕ್ರಿಯಾಪದಗಳ ಸಹಿತ, ಸೀಮೆಯ ಹೆಸರನ್ನು ಕಾಣಿಸಿ ದಾಖಲಿಸುವುದು ಅವಶ್ಯಕ. ಮೂಲದ ಭಾಷೆ ಯಾವುದೆಂಬುದಕ್ಕಿಂತ, ಯಾರ ಬಾಯಲ್ಲಿ ಯಾವ ಕೆಲಸಕ್ಕೆ ಬಂದಿದೆ ಎಂಬುದು ಮುಖ್ಯ.

ಎರಡನೆಯದು ಪ್ರಕಟಣೆಗಳನ್ನೂ ಅರ್ಜಿಗಳನ್ನೂ ಬರೆಯುವವರಿಗೆ. ಆಡುಮಾತಿನಲ್ಲಿ 'ಲೈನ್' ಇದ್ದೇ ಇರುತ್ತದೆ. ಅದನ್ನು ಹೊರಗಟ್ಟಬೇಕೆಂಬುದು ನಮ್ಮ ಮತವಲ್ಲ, ಅದು ಸಾಧ್ಯವೂ ಅಲ್ಲ. ಆದರೆ ಬರಹದಲ್ಲಿ, ಅದರಲ್ಲಿಯೂ ಅಪಾಯ ಮತ್ತು ಆಸ್ತಿಗಳ ವಿಷಯದಲ್ಲಿ, ಮರವನ್ನು 'ಸಾಲು' ಎಂದೂ, ವಿದ್ಯುತ್ತಿನದನ್ನು 'ತಂತಿ' ಎಂದೂ, ಅದರ ಕೆಳಗಿನ ನೆಲವನ್ನು 'ಪಟ್ಟಿ' ಎಂದೂ ಬೇರೆ ಬೇರೆಯಾಗಿ ಹೆಸರಿಸುವುದು ಕ್ಷೇಮ. ಇವು ಯಾವುವೂ ಹೊಸದಾಗಿ ಟಂಕಿಸಿದ ಪಾರಿಭಾಷಿಕಗಳಲ್ಲ. ರೈತನಿಗೆ ತಿಳಿದ ಮಾತುಗಳೇ. 'ಲೈನ್ ಕ್ಲಿಯರ್ ಆಗಿದೆ' ಎನ್ನುವುದಕ್ಕೆ ಬದಲಾಗಿ 'ಇಂಥ ತಂತಿಯಲ್ಲಿ ಕರೆಂಟು ತೆಗೆದಿದೆ' ಎಂದೋ 'ಕರೆಂಟು ಬಿಟ್ಟಿದೆ' ಎಂದೋ ಹೇಳಿದರೆ ಮಾತು ಸ್ವಲ್ಪ ಉದ್ದವಾಗುತ್ತದೆ, ಅಷ್ಟೆ.

ಅರ್ಥವನ್ನು ಕಾಯುವುದು ಸುತ್ತಣ ಮಾತು ಎಂದು ಮೇಲೆ ಹೇಳಿದೆವು. ಸುತ್ತಣ ಮಾತು ಸೋಲುವ ಎಡೆ ಯಾವುದೆಂದು ಗುರುತಿಸಿ, ಅಲ್ಲಿ ಒಂದು ವಿಶೇಷಣವನ್ನು ಸೇರಿಸುವುದು ಮಾತನಾಡುವವರ ಹೊಣೆ. ದೋಟಿಯನ್ನು ಎತ್ತುವ ಮುನ್ನ 'ಯಾವ ಲೈನು?' ಎಂದು ಒಂದು ಸಲ ಕೇಳುವ ರೂಢಿ ಆ ಸೀಮೆಯ ತೋಟಗಳಲ್ಲಿ ಬೆಳೆದರೆ ಈ ಲೇಖನದ ಉದ್ದೇಶ ಸಾರ್ಥಕವಾದೀತು.